ಶಾಲೆ ಕೇಳುವ ಎರಡು ಪ್ರಶ್ನೆಗಳು



ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕಾಗದಪತ್ರಗಳ ಹುಡುಕಾಟ ಶುರುವಾಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಆದಾಯ ಪತ್ರ, ಜ್ಞಾನಸ್ನಾನದ ಪತ್ರ ಎಲ್ಲವೂ ಟ್ರಂಕಿನಿಂದ ಹೊರಗೆ ಬರುತ್ತವೆ. ಅನೇಕ ಶಾಲೆಗಳ ಅರ್ಜಿಯಲ್ಲಿ ಈಗ ಇನ್ನೆರಡು ಪ್ರಶ್ನೆಗಳೂ ಇರುತ್ತವೆ. ಮಗುವಿಗೆ ಲಸಿಕೆಗಳನ್ನೆಲ್ಲ ಹಾಕಿಸಿದ್ದೀರಾ? ಮಗುವಿಗೆ ಗಂಭೀರ ಕಾಯಿಲೆ ಏನಾದರೂ ಇದೆಯೇ? ಮೊದಲನೆಯದಕ್ಕೆ 'ಹೌದು', ಎರಡನೆಯದಕ್ಕೆ 'ಇಲ್ಲ' ಎಂದು ಬರೆದು, ಸಹಿ ಹಾಕಿ, ಶುಲ್ಕ ಕಟ್ಟುವ ಕಡೆ ನಡೆಯುವವರೇ ಹೆಚ್ಚು.

ಆ ಎರಡು ಸಾಲುಗಳ ಮುಂದೆ ಒಂದು ಗಳಿಗೆ ನಿಲ್ಲೋಣ. ಮೊದಲನೆಯ ಪ್ರಶ್ನೆ ನೆರೆಯವನ ಪ್ರೀತಿಗೆ ಸಂಬಂಧಿಸಿದ್ದು, ಎರಡನೆಯದು ಸತ್ಯಕ್ಕೆ ಸಂಬಂಧಿಸಿದ್ದು. ಎರಡಕ್ಕೂ ನಿಜವಾದ ಉತ್ತರ ಕೊಡುವುದು ತಂದೆ ತಾಯಿಯರ ಕರ್ತವ್ಯ. ಆ ಉತ್ತರ ಕೇಳಿದ ಮೇಲೆಯೂ ಬಾಗಿಲು ಮುಚ್ಚದಿರುವುದು ಶಾಲೆಯ ಕರ್ತವ್ಯ. ಈ ಎರಡು ಕರ್ತವ್ಯಗಳು ಜೊತೆಯಾಗಿಯೇ ನಿಲ್ಲಬೇಕು. ಒಂದು ಬಿದ್ದರೆ ಇನ್ನೊಂದೂ ಬೀಳುತ್ತದೆ.

ಪಾಳೆಯದ ಹೊರಗೆ ಹೋದ ಯಾಜಕ

ಪವಿತ್ರ ಗ್ರಂಥವನ್ನು ಓದುವವರಿಗೆ ಆರೋಗ್ಯದ ಪ್ರಮಾಣಪತ್ರ ಹೊಸ ವಿಷಯವಲ್ಲ. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ತೆರೆದು ನೋಡಿ. ಒಬ್ಬನ ಚರ್ಮದ ಮೇಲೆ ಮಚ್ಚೆ ಕಂಡರೆ ಅವನನ್ನು ಯಾಜಕನ ಬಳಿಗೆ ಕರೆತರಬೇಕು. ಯಾಜಕ ಪರೀಕ್ಷಿಸಬೇಕು. ಅನುಮಾನವಿದ್ದರೆ ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡಬೇಕು. 13ನೆಯ ಅಧ್ಯಾಯವನ್ನು ಮಾತ್ರ ಓದಿ ಪುಸ್ತಕ ಮುಚ್ಚಿದರೆ ಇದು ರೋಗಿಯನ್ನು ಹೊರಗಟ್ಟುವ ಕಟ್ಟಳೆ ಎನಿಸುತ್ತದೆ. ಆದರೆ 14ನೆಯ ಅಧ್ಯಾಯದ ಹೆಚ್ಚಿನ ಭಾಗ ಅವನನ್ನು ಮರಳಿ ಒಳಗೆ ಕರೆದುಕೊಳ್ಳುವ ವಿಧಿಗಾಗಿಯೇ ಇದೆ. ಅಲ್ಲಿ ಗಮನಿಸಬೇಕಾದ ಒಂದು ಮಾತುಂಟು: ರೋಗಿ ಒಳಗೆ ಬರಲೆಂದು ಯಾಜಕ ಕಾದು ಕುಳಿತುಕೊಳ್ಳುವುದಿಲ್ಲ. ತಾನೇ ಪಾಳೆಯದ ಹೊರಗೆ ಹೋಗಿ ಅವನನ್ನು ಕಾಣುತ್ತಾನೆ.

ನಮ್ಮ ಪ್ರಭು ಯೇಸುಕ್ರಿಸ್ತರು ಈ ಕಟ್ಟಳೆಯನ್ನು ತಳ್ಳಿಹಾಕಲಿಲ್ಲ. ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಅವರು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿ ಗುಣಪಡಿಸುತ್ತಾರೆ. ಬಳಿಕ, ಹೋಗಿ ಯಾಜಕನಿಗೆ ತೋರಿಸಿಕೋ ಎಂದು ಅಪ್ಪಣೆ ಕೊಡುತ್ತಾರೆ. ಸಂತ ಲೂಕನ 17ನೆಯ ಅಧ್ಯಾಯದ ಹತ್ತು ಮಂದಿಗೂ ಅದನ್ನೇ ಹೇಳುತ್ತಾರೆ. ಪವಾಡದಿಂದ ಗುಣವಾದವನಿಗೂ ಸಮುದಾಯದ ಮುಂದೆ ಒಂದು ಪ್ರಮಾಣ ಬೇಕಾಗಿತ್ತು. ಏಕೆಂದರೆ ಪರೀಕ್ಷೆಯಿರುವುದು ಸಮುದಾಯವನ್ನು ಕಾಪಾಡುವುದಕ್ಕೆ, ಪ್ರಮಾಣವಿರುವುದು ವ್ಯಕ್ತಿಯನ್ನು ಒಳಗೆ ಕರೆಯುವುದಕ್ಕೆ. ಶಾಲೆಯ ಅರ್ಜಿಯಲ್ಲಿರುವ ಆ ಎರಡು ಸಾಲುಗಳನ್ನೂ ಇದೇ ಬೆಳಕಿನಲ್ಲಿ ಓದಬೇಕು.

ನಮ್ಮ ನಾಡಿನ ಒಂದು ಹಳೆಯ ಸಾಕ್ಷ್ಯ

ಲಸಿಕೆ ಎಂದರೆ ಸರ್ಕಾರದ ಕೆಲಸ, ಧರ್ಮಸಭೆಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುವುದುಂಟು. ಅಂಥವರು ಅಬ್ಬೆ ದುಬಾಯ್ ಅವರನ್ನು ನೆನೆಯಬೇಕು. ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದ ಈ ಗುರುಗಳು 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಾಸನದ ಕಡೆ ಬಡ ಕ್ರೈಸ್ತ ಒಕ್ಕಲುಗಳಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರು. ಊರೂರುಗಳನ್ನು ಸಿಡುಬು ಖಾಲಿ ಮಾಡುತ್ತಿದ್ದ ಆ ಕಾಲದಲ್ಲಿ ಮೈಸೂರು ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದವರಲ್ಲಿ ಅವರ ಹೆಸರು ಮುಂದಿದೆ.

ಅದೇ ವರ್ಷಗಳಲ್ಲಿ ಮೈಸೂರಿನ ಅರಮನೆಯೂ ಲಸಿಕೆಯ ಬೆಂಬಲಕ್ಕೆ ನಿಂತಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಒಂದು ವರ್ಣಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲೊಬ್ಬರು ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತನ್ನು ಜನರಿಗೆ ಕಾಣಿಸಲೆಂದೇ, ಅವರು ರಾಣಿ ದೇವಾಜಮ್ಮಣ್ಣಿಯವರು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ.

ಆಗ ಲಸಿಕೆಯನ್ನು ಕಾಪಿಡಲು ಐಸಿನ ಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಹೀಗೆ ಮಕ್ಕಳ ತೋಳಿನಿಂದ ತೋಳಿಗೆ ದಾಟುತ್ತ ಲಸಿಕೆ ಊರಿನಿಂದ ಊರಿಗೆ ಪ್ರಯಾಣ ಮಾಡಿತು. ಒಂದು ಮಗು ಹಾಕಿಸಿಕೊಂಡರೆ ಮಾತ್ರ ಮುಂದಿನ ಮಗುವಿಗೆ ಸಿಗುತ್ತಿತ್ತು. ಆ ಪದ್ಧತಿ ಹೋಗಿ ಬಹುಕಾಲವಾಯಿತು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರವೂ ಬಂದಿತು. ಆದರೆ ಒಂದು ಮಗುವಿನ ತೋಳು ಇನ್ನೊಂದು ಮಗುವಿನ ಜೀವವನ್ನು ಕಾಯುತ್ತದೆ ಎಂಬ ಮಾತು ಇಂದಿಗೂ ಅಷ್ಟೇ ನಿಜ. ಹೇಗೆಂದು ನೋಡೋಣ.

ಮೊದಲನೆಯ ಪ್ರಶ್ನೆ: ಲಸಿಕೆ ಹಾಕಿಸಿದ್ದೀರಾ?

ದಡಾರವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಇದಕ್ಕೆ ತಟ್ಟಮ್ಮ ಎನ್ನುವವರೂ ಇದ್ದಾರೆ. ಅಷ್ಟು ಬೇಗ ಹರಡುವ ಕಾಯಿಲೆ ಮತ್ತೊಂದಿಲ್ಲ. ದಡಾರ ಬಂದ ಮಗು ಕೆಮ್ಮಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಗಳವರೆಗೂ ಅದರ ವೈರಾಣು ಉಳಿಯಬಲ್ಲದು. ರಕ್ಷಣೆಯಿಲ್ಲದ ಹತ್ತು ಮಕ್ಕಳು ಅದರ ಹತ್ತಿರವಿದ್ದರೆ ಒಂಬತ್ತು ಮಕ್ಕಳವರೆಗೂ ಅಂಟುತ್ತದೆ. ಅದು ಊರಿನಲ್ಲಿ ಹರಡದಂತೆ ತಡೆಯಬೇಕಾದರೆ ನೂರರಲ್ಲಿ 95 ಮಂದಿಗಾದರೂ ಎರಡು ಡೋಸ್ ಲಸಿಕೆ ಆಗಿರಬೇಕು.

ಉಳಿದ ಐವರು ಯಾರು? ಅವರಲ್ಲಿ ಲಸಿಕೆಯ ವಯಸ್ಸು ಇನ್ನೂ ಬಂದಿರದ ಒಂಬತ್ತು ತಿಂಗಳೊಳಗಿನ ಹಸುಗೂಸು ಇದೆ. ರಕ್ತದ ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವ ಮಗು ಇದೆ. ರೋಗನಿರೋಧಕ ಶಕ್ತಿ ತೀರ ಕುಂದಿರುವ ಮಗು ಇದೆ. ದಡಾರದಂಥ ಜೀವಂತ ಲಸಿಕೆಯನ್ನು ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಹಾಕುವಂತಿಲ್ಲ. ಕಾಯಿಲೆ ಬಂದರೆ ಮಾತ್ರ ಎಲ್ಲರಿಗಿಂತ ಹೆಚ್ಚಾಗಿ ನರಳುವವರು ಅವರೇ. ಅವರಿಗೆ ಇರುವ ಒಂದೇ ಗೋಡೆ ಎಂದರೆ ಸುತ್ತಲಿನ ಆರೋಗ್ಯವಂತ ಮಕ್ಕಳು. ಅರ್ಜಿಯ ಮೊದಲನೆಯ ಪ್ರಶ್ನೆಗೂ ಎರಡನೆಯ ಪ್ರಶ್ನೆಗೂ ಇರುವ ನಂಟು ಇದೇ: ಗಟ್ಟಿಮುಟ್ಟಾದ ನಿಮ್ಮ ಮಗುವಿನ ಚುಚ್ಚುಮದ್ದು, ಅದೇ ಬೆಂಚಿನ ಮೇಲೆ ಕುಳಿತ ಕಾಯಿಲೆಯ ಮಗುವಿಗೆ ಆಸರೆ.

ಸಂತ ಮಾರ್ಕನ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ತೆಗೆದು, ಯೇಸುವಿನ ಮುಂದೆ ಇಳಿಸಿದರಲ್ಲವೇ? ಹೊತ್ತು ತಂದವರ ವಿಶ್ವಾಸವನ್ನು ಪ್ರಭು ಕಂಡರು. ತಾನಾಗಿ ನಡೆಯಲಾರದವನನ್ನು ನಡೆಯಬಲ್ಲವರು ಹೊರಬೇಕೆಂಬುದು ಶುಭಸಂದೇಶದ ಕ್ರಮ. ತೋವಿನಕೆರೆಯಂಥ ನಮ್ಮ ಊರುಗಳಲ್ಲಿ ಕಥೋಲಿಕ ಮನೆಗಳು ವಿರಳ. ನಮ್ಮ ಮಕ್ಕಳು ಎಲ್ಲ ಜಾತಿ ಧರ್ಮಗಳ ಮಕ್ಕಳೊಂದಿಗೆ ಕೂತು ಕಲಿಯುತ್ತಾರೆ, ಬಿಸಿಯೂಟ ಉಣ್ಣುತ್ತಾರೆ. ನಮ್ಮ ನೆರೆಯವರೆಂದರೆ ಅವರೇ.

ಈಗ ಲೆಕ್ಕಕ್ಕೆ ಬರೋಣ. ಸರ್ಕಾರದ ವೇಳಾಪಟ್ಟಿಯಂತೆ ಹುಟ್ಟಿದಾಗ ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳಿಗೆ ಒಂದೇ ಆದ ಪೆಂಟಾವೇಲೆಂಟ್ ಮತ್ತು ಅದರ ಜೊತೆಯ ಲಸಿಕೆಗಳು. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್, ಒಂದೂವರೆ ವರ್ಷದ ಸುಮಾರಿಗೆ ಎರಡನೆಯದು. ಇಲ್ಲಿಯವರೆಗೆ ತಾಯಂದಿರು ತಪ್ಪಿಸುವುದು ಕಡಿಮೆ. ಮರೆತುಹೋಗುವುದು ಶಾಲೆಯ ವಯಸ್ಸಿನವು. ಐದರಿಂದ ಆರು ವರ್ಷದೊಳಗೆ ಡಿಪಿಟಿಯ ಎರಡನೆಯ ಬೂಸ್ಟರ್, ಹತ್ತನೆಯ ವರ್ಷಕ್ಕೆ ಮತ್ತು ಹದಿನಾರನೆಯ ವರ್ಷಕ್ಕೆ ಟಿಡಿ ಚುಚ್ಚುಮದ್ದು ಇವೆ. ಗಂಟಲುಮಾರಿ ಮತ್ತು ಧನುರ್ವಾಯುವಿನ ವಿರುದ್ಧ ಎಳವೆಯಲ್ಲಿ ಪಡೆದ ರಕ್ಷಣೆ ವರ್ಷ ಕಳೆದಂತೆ ಕುಂದುವುದರಿಂದ ಇವು ಬೇಕಾಗುತ್ತವೆ. ಗಂಟಲುಮಾರಿ ಹಳೆಯ ಕಾಲದ ಕಾಯಿಲೆ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ ಉತ್ತರದ ಕೆಲವು ಜಿಲ್ಲೆಗಳಲ್ಲಿ ಈ ಶತಮಾನದಲ್ಲಿಯೂ ಅದು ಕಾಣಿಸಿಕೊಂಡಿದೆ, ದೊಡ್ಡ ಮಕ್ಕಳನ್ನೂ ಬಿಟ್ಟಿಲ್ಲ.

ಲಸಿಕೆಯಾಗಿಲ್ಲದಿದ್ದರೆ ಶಾಲೆ ಸೇರಿಸಿಕೊಳ್ಳುವುದಿಲ್ಲವೇ? ನಮ್ಮ ದೇಶದಲ್ಲಿ ಹಾಗೆ ಹೇಳುವ ರಾಷ್ಟ್ರೀಯ ಕಾಯ್ದೆ ಇಲ್ಲ. ಅಮೆರಿಕದಲ್ಲಿ ಎಲ್ಲ ರಾಜ್ಯಗಳಲ್ಲೂ ಶಾಲೆಗೆ ಸೇರುವಾಗ ಲಸಿಕೆಯ ದಾಖಲೆ ಕೇಳುವ ಕಾನೂನುಗಳಿವೆ. ಅಲ್ಲಿಗೆ ಕೆಲಸಕ್ಕೆ ಹೋದ ನಮ್ಮವರ ಮಕ್ಕಳು ಇಲ್ಲಿನ ಲಸಿಕೆ ಕಾರ್ಡನ್ನು ಹಿಡಿದೇ ಹೋಗಬೇಕು. ಇಟಲಿ ದೇಶ 2017ರಲ್ಲಿ ಹತ್ತು ಲಸಿಕೆಗಳನ್ನು ಕಡ್ಡಾಯ ಮಾಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ಕೋವಿಡ್ ಲಸಿಕೆಯ ವಿಚಾರದಲ್ಲಿ 2022ರ ಮೇ 2ರಂದು ತೀರ್ಪು ಕೊಟ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ಷರತ್ತುಗಳನ್ನು ವಿಧಿಸಬಹುದು ಎಂದಿತು. ಹೀಗೆ ನಮ್ಮಲ್ಲಿ ಕಾನೂನು ಬಲವಂತ ಮಾಡುವುದಿಲ್ಲ. ಕಾನೂನು ಬಲವಂತ ಮಾಡದ ಕಡೆಯೇ ಮನಸ್ಸಾಕ್ಷಿಯ ಕೆಲಸ ಹೆಚ್ಚು.

ಮನಸ್ಸಾಕ್ಷಿಯ ಸಂದೇಹಗಳು

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆಯನ್ನು ಶಾಲೆಗಳಲ್ಲಿ ಹಾಕಲಾಯಿತು. ಆಗ ಮೊಬೈಲಿನಲ್ಲಿ ನಾನಾ ವದಂತಿಗಳು ಹರಿದಾಡಿದವು. ವದಂತಿಗಳ ಮಾತು ಬೇರೆ. ಕಥೋಲಿಕರ ಮನಸ್ಸಿನಲ್ಲಿ ಏಳುವ ಒಂದು ನಿಜವಾದ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ರುಬೆಲ್ಲಾ ಲಸಿಕೆಯ ವೈರಾಣುವನ್ನು ಬೆಳೆಸುವ ಕೋಶಗಳ ಮೂಲ 1960ರ ದಶಕದಲ್ಲಿ ಗರ್ಭಪಾತ ಮಾಡಿಸಿದ ಭ್ರೂಣಗಳಲ್ಲಿದೆ. ಆಗ ತೆಗೆದ ಕೋಶಗಳೇ ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆದು ಬಂದಿವೆ. ಲಸಿಕೆಗೋಸ್ಕರ ಹೊಸದಾಗಿ ಗರ್ಭಪಾತ ಮಾಡುವುದಿಲ್ಲ. ಆದರೂ ಗರ್ಭಪಾತವನ್ನು ಘೋರ ಪಾಪವೆಂದು ನಂಬುವ ನಾವು ಇದನ್ನು ಮಕ್ಕಳಿಗೆ ಹಾಕಿಸಬಹುದೇ?

ನೀತಿಶಾಸ್ತ್ರದಲ್ಲಿ ಇದನ್ನು ಪಾಪದಲ್ಲಿ ಸಹಕಾರದ ಪ್ರಶ್ನೆ ಎನ್ನುತ್ತಾರೆ. ಒಂದು ಉದಾಹರಣೆಯಿಂದ ಹೇಳುತ್ತೇನೆ. ಅಜ್ಜನ ಕಾಲದಲ್ಲಿ ಒಬ್ಬ ಸಾಹುಕಾರ ಅನ್ಯಾಯದಿಂದ ವಶ ಮಾಡಿಕೊಂಡ ಹೊಲದಲ್ಲಿ ಇಂದು ಒಂದು ಬಾವಿಯಿದೆ ಎನ್ನಿ. ಕಡುಬೇಸಿಗೆಯಲ್ಲಿ ಬೇರೆಲ್ಲೂ ನೀರಿಲ್ಲದಾಗ ಬಾಯಾರಿದ ಮಗುವಿಗೆ ಆ ಬಾವಿಯ ನೀರು ಕುಡಿಸಿದ ತಾಯಿ ಆ ಅನ್ಯಾಯದ ಪಾಲುದಾರಳಾಗುವುದಿಲ್ಲ. ಹಾಗೆಂದು ಆ ಅನ್ಯಾಯವನ್ನು ಸರಿ ಎನ್ನುವಂತೆಯೂ ಇಲ್ಲ. ಬೇರೆ ಬಾವಿ ತೋಡಿರೆಂದು ಕೇಳುವ ಹಕ್ಕೂ ಕರ್ತವ್ಯವೂ ಅವಳಿಗುಂಟು.

ವ್ಯಾಟಿಕನ್ನಿನ ಜೀವ ರಕ್ಷಣಾ ಅಕಾಡೆಮಿ 2005ರಲ್ಲಿ ಕೊಟ್ಟ ಉತ್ತರದ ಸಾರವೂ ಇದೇ ಆಗಿತ್ತು: ಬೇರೆ ಲಸಿಕೆ ಇಲ್ಲದಿರುವಾಗ, ಮಕ್ಕಳಿಗೂ ಸಮುದಾಯಕ್ಕೂ ಅಪಾಯವಿರುವಾಗ ಇದನ್ನು ಬಳಸಬಹುದು, ಜೊತೆಗೆ ನಿರ್ದೋಷವಾದ ಲಸಿಕೆಗಾಗಿ ಒತ್ತಾಯಿಸುತ್ತಿರಬೇಕು. 2017ರಲ್ಲಿ ಅದೇ ಅಕಾಡೆಮಿ, ಮಕ್ಕಳ ಲಸಿಕೆಗಳನ್ನು ಕಳಂಕವಿಲ್ಲದ ಮನಸ್ಸಾಕ್ಷಿಯಿಂದ ಹಾಕಿಸಬಹುದು, ಪರರ ಸುರಕ್ಷೆಗಾಗಿ ಹಾಕಿಸುವುದು ನೈತಿಕ ಹೊಣೆ ಎಂದು ತಿಳಿಸಿತು. 2020ರ ಡಿಸೆಂಬರ್ 21ರಂದು ರೋಮಿನ ವಿಶ್ವಾಸ ಸಿದ್ಧಾಂತ ಮಂಡಳಿ ಕೋವಿಡ್ ಲಸಿಕೆಗಳ ಬಗ್ಗೆ ಹೊರಡಿಸಿದ ಟಿಪ್ಪಣಿಯಲ್ಲಿ, ಲಸಿಕೆ ಸ್ವಇಚ್ಛೆಯದಾಗಿರಬೇಕು, ಆದರೆ ಮನಸ್ಸಾಕ್ಷಿಯ ಕಾರಣ ಹೇಳಿ ಬೇಡವೆನ್ನುವವನು ತನ್ನಿಂದ ದುರ್ಬಲರಿಗೆ ರೋಗ ಅಂಟದಂತೆ ಬೇರೆ ಎಲ್ಲ ಎಚ್ಚರಿಕೆಯನ್ನೂ ವಹಿಸಲೇಬೇಕು ಎಂದಿತು. ದಿವಂಗತ ವಿಶ್ವಗುರು ಫ್ರಾನ್ಸಿಸ್ 2021ರಲ್ಲಿ ಲಸಿಕೆ ಹಾಕಿಸಿಕೊಳ್ಳುವುದನ್ನು ಪ್ರೀತಿಯ ಕಾರ್ಯವೆಂದೇ ಕರೆದರು.

ಇನ್ನೊಂದು ಮಾತು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಅಂಟಿದರೆ ಹೊಟ್ಟೆಯಲ್ಲಿರುವ ಕೂಸು ಸಾಯಬಹುದು, ಅಥವಾ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷದೊಂದಿಗೆ ಹುಟ್ಟಬಹುದು. ಹುಟ್ಟದಿರುವ ಶಿಶುವನ್ನು ಕಾಪಾಡಬೇಕೆನ್ನುವ ನಾವೇ ಈ ಲಸಿಕೆಗೆ ಮುಂದೆ ಬರಬೇಕಾಗಿದೆ.

ಲಸಿಕೆಯಿಂದ ಒಂದೆರಡು ದಿನ ಜ್ವರ, ಚುಚ್ಚಿದ ಕಡೆ ಬಾವು ಬರುವುದುಂಟು. ತೀವ್ರವಾದ ಅಲರ್ಜಿ ಬಹಳ ಅಪರೂಪ. ಅದಕ್ಕಾಗಿಯೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಆ ಅರ್ಧ ಗಂಟೆ ಅವಸರ ಮಾಡಬೇಡಿ. ಹಿಂದೆ ಯಾವುದಾದರೂ ಚುಚ್ಚುಮದ್ದಿನಿಂದ ತೊಂದರೆಯಾಗಿದ್ದರೆ, ಮಗುವಿಗೆ ಫಿಟ್ಸ್, ರಕ್ತ ಹೆಪ್ಪುಗಟ್ಟದ ಕಾಯಿಲೆ ಅಥವಾ ಕ್ಯಾನ್ಸರಿನ ಚಿಕಿತ್ಸೆ ಇದ್ದರೆ ಮೊದಲೇ ಹೇಳಿ. ಹಾಕಬೇಕೇ, ಮುಂದೂಡಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಸಣ್ಣ ನೆಗಡಿಗೆ ಮುಂದೂಡುವ ಅಗತ್ಯವಿಲ್ಲ.

ಎರಡನೆಯ ಪ್ರಶ್ನೆ: ಗಂಭೀರ ಕಾಯಿಲೆ ಇದೆಯೇ?

ಈ ಪ್ರಶ್ನೆಗೆ 'ಇಲ್ಲ' ಎಂದು ಬರೆಯುವ ಕೈ ಎಷ್ಟೋ ಬಾರಿ ನಡುಗುತ್ತದೆ. ಫಿಟ್ಸ್ ಇದೆಯೆಂದು ತಿಳಿದರೆ ಶಾಲೆಗೆ ಸೇರಿಸಿಕೊಳ್ಳುವರೋ ಇಲ್ಲವೋ ಎಂಬ ಭಯ ಒಂದು ಕಡೆ. ಊರಿಗೆಲ್ಲ ಗೊತ್ತಾದರೆ ನಾಳೆ ಹೆಣ್ಣುಮಗಳ ಮದುವೆ ಹೇಗೆ ಎಂಬ ಚಿಂತೆ ಇನ್ನೊಂದು ಕಡೆ. ಈ ಭಯವನ್ನು ಹೀಯಾಳಿಸಬಾರದು, ಅದಕ್ಕೆ ಕಾರಣಗಳಿವೆ. ಆದರೆ ಮುಚ್ಚಿಟ್ಟ ಕಾಯಿಲೆಯ ಬೆಲೆ ತೆರುವುದು ಮಗು. ಆಟದ ಮೈದಾನದಲ್ಲಿ ಮಗು ಬಿದ್ದು ಒದ್ದಾಡುವಾಗ ಏನೂ ತಿಳಿಯದ ಮೇಷ್ಟ್ರು ಕೈಗೆ ಕಬ್ಬಿಣ ಹಿಡಿಸಬಹುದು, ಬಾಯಿಗೆ ನೀರು ಹಾಕಬಹುದು. ಸಕ್ಕರೆ ಕಾಯಿಲೆಯ ಮಗು ಬೆವರಿ ಮಂಕಾಗಿ ಕೂತಾಗ ಸೋಮಾರಿ ಎಂದು ಗದರಿಸಬಹುದು. ಹೃದಯದಲ್ಲಿ ರಂಧ್ರವಿರುವ ಮಗುವನ್ನು ಮೈದಾನದ ಸುತ್ತ ಓಡಿಸಬಹುದು. ತಿಳಿಯದೆ ಮಾಡಿದವರ ಮೇಲೆ ಆಮೇಲೆ ಸಿಟ್ಟಾಗಿ ಪ್ರಯೋಜನವೇನು?

ಸಂತ ಮಾರ್ಕನ ಒಂಬತ್ತನೆಯ ಅಧ್ಯಾಯದ ತಂದೆಯನ್ನು ನೋಡಿ. ಮಗ ನೆಲಕ್ಕೆ ಬಿದ್ದು ನೊರೆ ಸುರಿಸುತ್ತಾನೆ. ಸುತ್ತ ಜನಜಂಗುಳಿ. ಎಷ್ಟು ಕಾಲದಿಂದ ಹೀಗಿದೆ ಎಂದು ಯೇಸು ಕೇಳುತ್ತಾರೆ. ಎಲ್ಲವನ್ನೂ ಬಲ್ಲ ಪ್ರಭು ಒಬ್ಬ ವೈದ್ಯನಂತೆ ಪೂರ್ವವೃತ್ತಾಂತ ಕೇಳಿದರು. ತಂದೆ ಏನನ್ನೂ ಮುಚ್ಚಿಡಲಿಲ್ಲ. ಚಿಕ್ಕಂದಿನಿಂದಲೂ ಇದೆ, ಬೆಂಕಿಗೂ ಬೀಳುತ್ತಾನೆ, ನೀರಿಗೂ ಬೀಳುತ್ತಾನೆ ಎಂದು ಹೇಳಿಬಿಟ್ಟ. ತನ್ನ ವಿಶ್ವಾಸ ಸಾಲದೆಂಬುದನ್ನೂ ಒಪ್ಪಿಕೊಂಡ. ಗುಣವಾಗುವ ದಾರಿ ಆ ಸತ್ಯದಿಂದಲೇ ಆರಂಭವಾಯಿತು.

ಆದರೆ ಸತ್ಯ ಹೇಳುವುದೆಂದರೆ ಊರಿಗೆಲ್ಲ ಡಂಗುರ ಸಾರುವುದಲ್ಲ. ಎಂಟನೆಯ ದೇವಾಜ್ಞೆಯನ್ನು ವಿವರಿಸುವಾಗ ಕಥೋಲಿಕ ಧರ್ಮೋಪದೇಶ ಗ್ರಂಥ ಎರಡನ್ನೂ ಕಲಿಸುತ್ತದೆ. ಸುಳ್ಳು ಹೇಳಬಾರದು, ತಿಳಿಯುವ ಹಕ್ಕಿಲ್ಲದವರಿಗೆ ಎಲ್ಲವನ್ನೂ ಬಿಚ್ಚಿಡಬೇಕಾಗಿಯೂ ಇಲ್ಲ. ಮುಖ್ಯ ಶಿಕ್ಷಕರು, ತರಗತಿಯ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು, ಈ ಮೂವರಿಗೆ ತಿಳಿದಿದ್ದರೆ ಸಾಮಾನ್ಯವಾಗಿ ಸಾಕು. ಎಚ್‌ಐವಿ ವಿಷಯವಾದರೆ ಅದನ್ನು ಶಾಲೆಗೆ ಹೇಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಕೂಡಿ ಕೂತರೆ, ಉಂಡರೆ, ಆಡಿದರೆ ಅದು ಅಂಟುವುದಿಲ್ಲ.

ಇಲ್ಲಿ ಒಬ್ಬ ಗುರುವಾಗಿ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಧ್ಯಾನಕೂಟಕ್ಕೆ ಹೋಗಿ ಬಂದ ಮೇಲೆ, ಪ್ರಾರ್ಥನೆಯಿಂದ ಗುಣವಾಯಿತೆಂದು ಮಗುವಿನ ಫಿಟ್ಸ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಿಬಿಡುವವರಿದ್ದಾರೆ. ಇದು ವಿಶ್ವಾಸವಲ್ಲ, ದೇವರನ್ನು ಪರೀಕ್ಷೆಗೆ ಒಡ್ಡುವುದು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಎರವಾಗಬಹುದು. ಇನ್ಸುಲಿನ್ ಬೇಕೇ ಬೇಕಾದ ಮಗುವಿಗೆ ಅದಿಲ್ಲದೆ ಬದುಕಿಲ್ಲ. ವೈದ್ಯನನ್ನ�ು ಗೌರವಿಸಬೇಕು, ಮದ್ದನ್ನು ಭೂಮಿಯಿಂದ ಉಂಟುಮಾಡಿದವರು ದೇವರೇ, ಪ್ರಾರ್ಥಿಸು ಮತ್ತು ವೈದ್ಯನಿಗೂ ಅವಕಾಶ ಕೊಡು ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಬೋಧನೆ. ಗುಣವಾಗಿದ್ದರೆ ವೈದ್ಯರಿಗೆ ತೋರಿಸಿ. ಹತ್ತು ಮಂದಿ ಕುಷ್ಠರೋಗಿಗಳಿಗೆ ಪ್ರಭು ಹೇಳಿದ್ದೂ ಅದನ್ನೇ ಅಲ್ಲವೇ?

ಶಾಲೆಯ ಕರ್ತವ್ಯ

ತಂದೆ ತಾಯಿಯರಿಗೆ ಸತ್ಯ ಹೇಳಿರೆಂದು ಉಪದೇಶಿಸಿ, ಸತ್ಯ ಹೇಳಿದ ಮೇಲೆ ಮಗುವನ್ನು ಹೊರಗಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. 2003ರಲ್ಲಿ ನೆರೆಯ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಎಚ್‌ಐವಿ ಇದ್ದ ಇಬ್ಬರು ಒಡಹುಟ್ಟಿದ ಮಕ್ಕಳು, ಉಳಿದ ಮಕ್ಕಳ ಪೋಷಕರ ವಿರೋಧದಿಂದ ಶಾಲೆಯ ಹೊರಗುಳಿಯಬೇಕಾಯಿತು. ಆ ಸುದ್ದಿ ದೇಶವನ್ನೇ ಕಲಕಿತು. ಇಂದು ಕಾನೂನು ಸ್ಪಷ್ಟವಾಗಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಯಾವ ಶಾಲೆಯೂ ಇಂಥ ಮಗುವನ್ನು ನಿರಾಕರಿಸುವಂತಿಲ್ಲ, ಸೇರಿಸಿಕೊಳ್ಳಲು ರಕ್ತಪರೀಕ್ಷೆ ಕೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣದ ರಕ್ತರೋಗಗಳೂ ಅದರಲ್ಲಿ ಸೇರಿವೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ಮಕ್ಕಳಿಗೆ ತರಗತಿಯಲ್ಲಿ ರಕ್ತದ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕು ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ತಿಳಿಸಿತು.

ನಮ್ಮ ಕಥೋಲಿಕ ಶಾಲೆಗಳ ವಿಷಯದಲ್ಲಿ ಇನ್ನೊಂದನ್ನು ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ನ್ಯಾಯಾಲಯದಲ್ಲಿ ಏನೇ ಆಗಲಿ, ಸಂವಿಧಾನ ನಮಗೆ ಕೊಟ್ಟ ಸ್ವಾತಂತ್ರ್ಯ ಶುಭಸಂದೇಶದಂತೆ ಶಾಲೆ ನಡೆಸುವುದಕ್ಕೆ, ಕಷ್ಟದ ಮಗುವನ್ನು ತಪ್ಪಿಸಿಕೊಳ್ಳುವುದಕ್ಕಲ್ಲ. ಧರ್ಮಸಭೆಯೂ ಈ ವಿಷಯದಲ್ಲಿ ಕಲಿಯುತ್ತ ಬಂದಿದೆ. 1917ರ ಧರ್ಮಸಭಾ ಕಾನೂನಿನಲ್ಲಿ ಮೂರ್ಛೆ ರೋಗ ಗುರುದೀಕ್ಷೆಗೆ ಅಡ್ಡಿಯಾಗಿತ್ತು. 1983ರ ಕಾನೂನಿನಲ್ಲಿ ಅದನ್ನು ಕೈಬಿಡಲಾಯಿತು. ಬಲಿಪೀಠದ ಬಳಿಗೆ ಬರಬಲ್ಲವನಿಗೆ ಒಂದನೆಯ ತರಗತಿಯ ಬಾಗಿಲು ಮುಚ್ಚಬಹುದೇ?

ಅಂಟುವ ಕಾಯಿಲೆಯ ಮಗುವನ್ನು ಕೆಲವು ದಿನ ಮನೆಯಲ್ಲಿರಿಸುವುದು ತಾರತಮ್ಯವಲ್ಲ. ದಡಾರದಲ್ಲಿ ಗುಳ್ಳೆ ಎದ್ದ ಮೇಲೆ ನಾಲ್ಕು ದಿನ, ಸೀತಾಳೆ ಸಿಡುಬಿನಲ್ಲಿ ಗುಳ್ಳೆಗಳೆಲ್ಲ ಒಣಗುವ ತನಕ, ಕ್ಷಯದಲ್ಲಿ ಚಿಕಿತ್ಸೆ ಆರಂಭವಾಗಿ ವೈದ್ಯರು ಹೋಗಬಹುದೆನ್ನುವ ತನಕ ಮನೆಯಲ್ಲಿರಲಿ. ಆದರೆ ಫಿಟ್ಸ್, ಹೃದ್ರೋಗ, ಸಕ್ಕರೆ ಕಾಯಿಲೆ ಅಂಟುವುದಿಲ್ಲ. ಪಾವಗಡದ ಕಡೆ ಫ್ಲೋರೈಡ್ ನೀರಿನಿಂದ ಹಲ್ಲು ಕಂದಿದ ಮಗುವಿನಿಂದಲೂ ಯಾರಿಗೂ ಏನೂ ಅಂಟುವುದಿಲ್ಲ. ಹೊರಗೆ ಕಳುಹಿಸಿದ ಮಗುವನ್ನು ಮರಳಿ ಕರೆಯುವ ದಿನವೂ ಗೊತ್ತಿರಬೇಕು. ಪಾಳೆಯದ ಹೊರಗೆ ಹೋದ ಆ ಯಾಜಕನಂತೆ ಮೇಷ್ಟ್ರೊಬ್ಬರು ಮನೆಗೆ ಹೋಗಿ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಮನೆಯವರು ಮಾಡಬೇಕಾದದ್ದು

1. ತಾಯಿ ಕಾರ್ಡನ್ನು ಜ್ಞಾನಸ್ನಾನದ ಪತ್ರದ ಜೊತೆಯಲ್ಲಿಯೇ ಭದ್ರವಾಗಿಡಿ. ಕಳೆದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ರನ್ನೋ ಕೇಳಿ, ಅವರ ದಾಖಲೆಯಲ್ಲಿ ಹುಡುಕಿಸಿ.

2. ಕೂಲಿಗೆಂದು ಬೆಂಗಳೂರಿಗೆ ಹೋಗುವ ಕುಟುಂಬಗಳು ಕಾರ್ಡನ್ನು ಜೊತೆಯಲ್ಲೇ ಒಯ್ಯಿರಿ. ಡೋಸ್ ತಪ್ಪಿದ್ದರೆ ನಾಚಿಕೆ ಬೇಡ. ಸಾಮಾನ್ಯವಾಗಿ ಮೊದಲಿನಿಂದ ಶುರುಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

3. ಕಾಯಿಲೆಯಿರುವ ಮಗುವಿಗಾಗಿ ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ಮಾತ್ರೆ, ವೈದ್ಯರ ಮತ್ತು ನಿಮ್ಮ ಫೋನ್ ನಂಬರ್, ತುರ್ತಿನಲ್ಲಿ ಮಾಡಬೇಕಾದದ್ದು ಬರೆದು ಮುಖ್ಯ ಶಿಕ್ಷಕರ ಕೈಗೆ ಕೊಡಿ.

4. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಗುಂಡಿ ಸಡಿಲಿಸಿ, ಗಟ್ಟಿ ವಸ್ತುಗಳನ್ನು ದೂರ ಸರಿಸಿ. ಬಾಯಿಗೆ ಏನನ್ನೂ ಹಾಕಬೇಡಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

5. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬರುವ ದಿನ ಮಗುವನ್ನು ತಪ್ಪದೆ ಕಳುಹಿಸಿ. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹೃದಯದ ದೋಷದಂಥ ಕಾಯಿಲೆ ಪತ್ತೆಯಾದರೆ ಮುಂದಿನ ಚಿಕಿತ್ಸೆಗೂ ದಾರಿಯಿದೆ.

ಕುಟುಂಬದಲ್ಲಿ ಚರ್ಚಿಸಲು

ನಮ್ಮ ಮನೆಯ ಮಕ್ಕಳಿಗೆ ಐದು, ಹತ್ತು, ಹದಿನಾರನೆಯ ವರ್ಷದ ಲಸಿಕೆಗಳಾಗಿವೆಯೇ? ನಮ್ಮ ಮಗುವಿನ ತರಗತಿಯಲ್ಲಿ ಕಾಯಿಲೆಯ ಮಗುವಿದ್ದರೆ ಅದರ ಬಗ್ಗೆ ಮನೆಯಲ್ಲಿ ಹೇಗೆ ಮಾತನಾಡುತ್ತೇವೆ? ಭಯದಿಂದ ನಾವು ಮುಚ್ಚಿಟ್ಟಿರುವ ಕಾಯಿಲೆ ಯಾವುದಾದರೂ ಇದೆಯೇ? ಅದನ್ನು ಯಾರಿಗೆ ಹೇಳಬೇಕು?

ಪ್ರಾರ್ಥನೆ

ಮಕ್ಕಳನ್ನು ಹತ್ತಿರಕ್ಕೆ ಕರೆದು ತಲೆಯ ಮೇಲೆ ಕೈಯಿಟ್ಟು ಹರಸಿದ ಪ್ರಭುವೇ, ನಮ್ಮ ಮಕ್ಕಳನ್ನೂ ಅವರ ಜೊತೆ ಕುಳಿತು ಕಲಿಯುವ ಎಲ್ಲ ಮಕ್ಕಳನ್ನೂ ಕಾಪಾಡಿರಿ. ಸತ್ಯ ಹೇಳುವ ಧೈರ್ಯವನ್ನು ತಂದೆ ತಾಯಿಯರಿಗೂ, ಅದನ್ನು ಕರುಣೆಯಿಂದ ಕೇಳುವ ಮನಸ್ಸನ್ನು ಶಿಕ್ಷಕರಿಗೂ, ಕೈಗುಣವನ್ನು ವೈದ್ಯರಿಗೂ ದಾದಿಯರಿಗೂ ಕೊಡಿರಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.